ತುಪ್ಪಬಾಳೆಯ ಕಂದುದಾನದ ಕಥೆ

ಅಕ್ಷತೆ ಕೈಯಲ್ಲಿ ಹಿಡಿದು, ದೀಪದ ಕಡೆ ಮುಖಮಾಡಿ, ಪಿಸುಮಾತು ನಿಲ್ಲಿಸಿ ಕೇಳಿರಮ್ಮ. ನಮ್ಮ ಹೊಳೆಸಾಲಿನ ತುಪ್ಪಬಾಳೆಗೆ ಸಾಟಿಯಾದ ಹಣ್ಣು ಮೂರು ಲೋಕದಲ್ಲಿ ಇರಲಿಲ್ಲ. ಒಂದು ಮನೆಯಲ್ಲಿ ಗೊನೆ ಮಾಗಿದರೆ ಬೀದಿಯೆಲ್ಲ ಘಮಘಮಿಸುತ್ತಿತ್ತು. ಇದನ್ನು ಹೇಳಿಕೊಳ್ಳಲು ನಮಗೇನೂ ನಾಚಿಕೆಯಿಲ್ಲ. ಬಾಳೆಗೌರಿಯ ದಿನ ಬಾಳೆಯುಳ್ಳವಳು ಇಲ್ಲದವಳ ಮಡಿಲಿಗೆ, ತಾಯಿಗಿಡದ ಬುಡದಲ್ಲಿ ಮರಿಯಾಗಿ ಎದ್ದ ಒಂದು ಕಂದನ್ನು ಕಿತ್ತು ಹಾಕಬೇಕೆಂಬುದು ವ್ರತದ ನೇಮ.

ಒಂದು ವರ್ಷ ಹೊಳೆ ಉಕ್ಕಿ ಎಲ್ಲರ ಬಾಳೆಯೂ ಕೊಚ್ಚಿಹೋಗಿ, ದಿಬ್ಬದ ಮೇಲಿದ್ದ ಗೌಡತಿ ಹೊಂಬಾಳಮ್ಮನ ತೋಟವೊಂದೇ ಉಳಿಯಿತು. ಅವಳಿಗೆ ಹಮ್ಮು ನೆತ್ತಿಗೇರಿತು. ಈ ಹಣ್ಣು ತನ್ನಲ್ಲಿ ಮಾತ್ರ ಇರಲೆಂದು ಬಯಸಿ, ದಾನ ತಪ್ಪಿಸಿದರೆ ಜನ ಆಡಿಕೊಂಡಾರೆಂದು ಅಂಜಿ, ಕಂದಿನ ಮೊಳೆಯುವ ಕಣ್ಣನ್ನೇ ಕಿತ್ತು, ಗಾಯಕ್ಕೆ ಅರಿಸಿನ ಮೆತ್ತಿ, ನಗುನಗುತ್ತ ಮಡಿಲು ತುಂಬಿದಳು. ದೇವರಿಗೇ ಟೋಪಿ ಹಾಕಿದ ಜಾಣೆ! ವರ್ಷ ವರ್ಷವೂ ಹೀಗೆಯೇ ನಡೆದು, ಕೊಟ್ಟ ಕಂದುಗಳು ಕೊಳೆತು, ಜನ ಬೇಸತ್ತು ಬೇರೆ ಸೀಮೆಯ ದಪ್ಪಸಿಪ್ಪೆಯ ಬಾಳೆ ತಂದು ನೆಟ್ಟರು.

ಆಮೇಲೆ ಹೊಂಬಾಳಮ್ಮನ ತೋಟಕ್ಕೆ ಸೊರಗುರೋಗ ಬಂತು. ಎಲೆ ಹಳದಿಯಾಗಿ ಜೋತು, ದಿಂಡು ಸೀಳಿ, ಗೌರಿಯ ಮುಂದಿಡಲು ಒಂದು ಹಣ್ಣೂ ಉಳಿಯಲಿಲ್ಲ. ಊರಿನ ಹೆಸರು ಹೊತ್ತ ಹಣ್ಣು ತನ್ನ ಕೈಯಿಂದಲೇ ನಿರ್ವಂಶವಾಯಿತಲ್ಲ ಎಂದು ಎದೆ ಬಡಿದುಕೊಂಡು, ಅವಳು ಹಿತ್ತಲು ಹಿತ್ತಲು ಅಲೆದಳು. ಎಲ್ಲಿ ನೋಡಿದರೂ ದಪ್ಪಸಿಪ್ಪೆಯ ಬಾಳೆಯೇ. ಮಾಡಿದ್ದುಣ್ಣೋ ಮಹಾರಾಯ ಎಂದು ಹಿರಿಯರು ಸುಮ್ಮನೆ ಹೇಳಿದರೇ?

ಕಡೆಗೆ ಕುಂಬಾರ ರಾಚಮ್ಮನ ಮಡಕೆ ಸುಡುವ ಆವಿಗೆಯ ಹಿಂದೆ ಆ ಘಮಲು ಮೂಗಿಗೆ ತಾಗಿತು. ನೋಡಿದರೆ ತುಪ್ಪಬಾಳೆಯ ಚೊಚ್ಚಲ ಗೊನೆ, ಬುಡದಲ್ಲಿ ನಾಲ್ಕು ಕಂದು! ಇದು ಎಲ್ಲಿಯದೆಂದು ಹೊಂಬಾಳಮ್ಮ ಕೇಳಿದಳು.

“ಹೋದ ವರ್ಸ ನೀವು ಮಡಿಲಿಗೆ ಹಾಕಿದ್ದೇ ಕಣ್ರವ್ವ. ಕಣ್ಣು ಕಿತ್ತಿದ್ದು ಅವತ್ತೇ ಕಂಡೆ. ಗೌರಮ್ಮನ ಹೆಸರಲ್ಲಿ ಬಂದದ್ದ ಬಿಸಾಕೋಕಾಯ್ತದಾ? ಗಾಯಕ್ಕೆ ಆವಿಗೆ ಬೂದಿ ಮೆತ್ತಿ ನೆಟ್ಟೆ. ಪಕ್ಕದಲ್ಲಿ ಬೇರೆ ಕಣ್ಣು ಒಡೀತು,” ಎಂದಳು ರಾಚಮ್ಮ.

ಹೊಂಬಾಳಮ್ಮ ನಾಚಿ ನೀರಾಗಿ, ಗೌಡಿಕೆಯನ್ನು ಮರೆತು ಸೆರಗೊಡ್ಡಿ, ಊರ ಹೆಂಗಸರೆಲ್ಲರ ಎದುರಿಗೆ ತಪ್ಪೊಪ್ಪಿಕೊಂಡಳು. ರಾಚಮ್ಮ ಒಂದು ಕಂದನ್ನು ಕಿತ್ತು, ಮಣ್ಣು ಒರೆಸಿ, ತಿರುಗಿಸಿ ಹಿಡಿದಳು.

“ಮೊದ್ಲು ಕಣ್ಣು ನೋಡ್ಕಳಿ, ಗೌಡತಮ್ಮೋರೆ. ಆಮೇಲೆ ಮಡಿಲಿಗೆ ಹಾಕ್ತೀನಿ.”

ಮಡಿಲಿಂದ ಮಡಿಲಿಗೆ ಹೋಗಿ, ನಾಲ್ಕು ಕಂದು ನಾನೂರಾಗಿ, ಹೊಳೆಸಾಲು ಮತ್ತೆ ಘಮಘಮಿಸಿತು. ಈ ಕಥೆ ಹೇಳಿದವರ, ಕೇಳಿದವರ, ಹೂಂಗುಟ್ಟಿದವರ ಹಿತ್ತಲಲ್ಲಿ ತಾಯಿಗಿಡ ಬೀಳುವ ಮುನ್ನ ಮರಿ ಏಳಲಿ. ಅವರ ಮಡಿಲಿಗೆ ಬಿದ್ದದ್ದೆಲ್ಲ ಕಣ್ಣು ತೆರೆಯಲಿ. ಈಗ ಅಕ್ಷತೆ ಹಾಕಿ, ನಿಮ್ಮ ನಿಮ್ಮ ಕಂದನ್ನು ತಿರುಗಿಸಿ ತೋರಿಸಿರಮ್ಮ.