ತೆನೆರಾಯನಿಗೆ ಮೂರು ಸಲ ಬಡಿಸಿದ್ದು

ಹೊಟ್ಟೆ ತುಂಬಿದೋರು ಗೋಡೆಗೆ ಒರಗಿ ಕೂತ್ಕೊಳ್ಳಿ, ಹಸಿದೋರು ಮುಂದೆ ಬನ್ನಿ. ಇದು ಊಟದ ಕಥೆ. ಆದ್ರೆ ಇದರಲ್ಲಿ ಊಟ ಒಳಗೆ ಹೋಗಿದ್ದಕ್ಕಿಂತ ಆಚೆ ಬಂದಿದ್ದೇ ಜಾಸ್ತಿ.

ಒಂದು ರಾಜ್ಯದಲ್ಲಿ ಚೆಲುವರಾಯ ಅಂತ ಒಬ್ಬ ರಾಜ ಇದ್ದ. ಒಳ್ಳೆಯವನೇ. ಅವನ ಅರಮನೇಲಿ ಒಂದು ಪದ್ಧತಿ. ಯಾರೇ ಊಟಕ್ಕೆ ಕೂತ್ರೂ ಮೂರು ಸಲ ಬಡಿಸ್ಬೇಕು. ಮೊದಲನೇದು ಹಸಿವಿಗೆ. ಎರಡನೇದು ಪ್ರೀತಿಗೆ. ಮೂರನೇದು ಅರಮನೆ ಮರ್ಯಾದೆಗೆ. "ಸಾಕು" ಅಂದ್ರೆ ನಾಚ್ಕೊಂಡ್ರು ಅಂತ ತಿಳ್ಕೊಳ್ಳೋರು. ಎಲೆ ಮೇಲೆ ಕೈ ಅಡ್ಡ ಹಿಡಿದ್ರೆ ಕೈ ಮೇಲೇ ಬಡಿಸೋರು. ಆ ರಾಜ್ಯದಲ್ಲಿ ಯುದ್ಧದಲ್ಲಿ ಬಿದ್ದೋರಿಗಿಂತ ಪಂಕ್ತೀಲಿ ಬಿದ್ದೋರೇ ಹೆಚ್ಚು.

ಬಡಿಸೋದನ್ನ ನೋಡ್ಕೊಳ್ಳೋಕೇ ಹೊನ್ನಪ್ಪಯ್ಯ ಅಂತ ಒಬ್ಬ ಅಧಿಕಾರಿ ಇದ್ದ. ಅವನ ಕೈಯಲ್ಲಿ ಯಾವಾಗ್ಲೂ ತುಪ್ಪದ ಮಿಳ್ಳೆ. ಏನು ಕಂಡ್ರೂ ಅದಕ್ಕೊಂದು ಮಿಳ್ಳೆ ತುಪ್ಪ ಹಾಕಿಬಿಡೋನು.

ಅದೇ ಅರಮನೆ ಹಿಂದುಗಡೆ ಕೆಂಚಮ್ಮ ಇದ್ಲು. ಬಚ್ಚಲುಮನೆ ಹಂಡೆ ಒಲೆಗೆ ಸೌದೆ ಹಾಕೋದು ಅವಳ ಕೆಲಸ. ಮೂವತ್ತು ವರ್ಷದಿಂದ ರಾಜನ ಸ್ನಾನಕ್ಕೆ ನೀರು ಕಾಯಿಸಿದೋಳು. ನೀರಿಗೆ ಕೈ ಅದ್ದದೆ, ಬರೀ ಹಬೆ ನೋಡಿ ಹದ ಹೇಳ್ತಿದ್ಲು. ಆ ಒಲೆ ಬಿಟ್ರೆ ಅವಳಿಗೆ ಮನೇನೂ ಇಲ್ಲ, ನೆಂಟರೂ ಇಲ್ಲ.

ಒಂದಿನ ಹಡಗಿನ ವ್ಯಾಪಾರಿಯೊಬ್ಬ ಬಂದು ರಾಜನಿಗೆ ಬೆತ್ತದ ಬುಟ್ಟೀಲಿ ಒಂದು ಹಾವಿನ ಮರಿ ಕೊಟ್ಟ. ಕಿತ್ತಳೆ ಬಣ್ಣ. ಒಂದು ಮೊಳ ಉದ್ದ, ಕಿರುಬೆರಳಿನಷ್ಟು ದಪ್ಪ. ಹೊಟ್ಟೆ ಕೆಳಗೆ ಜೋಳದ ತೆನೆ ಹಾಗೆ ಕಾಳುಕಾಳು ಗುರುತು.

"ನಮ್ಮ ಕಡೆ ಇದನ್ನ ಜೋಳದ ಹಾವು ಅಂತೀವಿ ಪ್ರಭು. ವಿಷ ಇಲ್ಲ, ಸಾಧು" ಅಂದ ವ್ಯಾಪಾರಿ.

ರಾಜನಿಗೆ ಮಕ್ಕಳಿರಲಿಲ್ಲ. ಮರಿ ನೋಡಿ ಕಣ್ಣು ತುಂಬಿ ಬಂತು. ತೆನೆರಾಯ ಅಂತ ಹೆಸರಿಟ್ಟ.

ಮೊದಲು ಬೆಳ್ಳಿ ಬಟ್ಟಲಲ್ಲಿ ಹಾಲಿಟ್ರು. ತೆನೆರಾಯ ಅದರ ಕಡೆ ನಾಲಿಗೆ ಚಾಚಿ ನೋಡಿ ಸುಮ್ನಾದ. "ಹೊಸ ಜಾಗ, ಸಂಕೋಚ" ಅಂದ್ರು ಎಲ್ಲರೂ. ಆಮೇಲೆ ಒಂದು ಇಲಿಮರಿ ಇಟ್ರು. ಗುಳುಂ.

"ಒಂದೇನಾ? ಅರಮನೆ ಮರ್ಯಾದೆ ಏನಾಗ್ಬೇಕು?" ಅಂದ ಹೊನ್ನಪ್ಪಯ್ಯ. ಪ್ರೀತಿಗೆ ಅಂತ ಎರಡನೇದು ಹಾಕಿದ. ಮರ್ಯಾದೆಗೆ ಅಂತ ಮೂರನೇದು ಹಾಕಿದ. ಮೂರನೇದು ಕಣಜದಲ್ಲಿ ತಿಂದು ಕೊಬ್ಬಿದ ಇಲಿ, ತೆನೆರಾಯನ ತಲೆಗಿಂತ ಮೂರು ಪಟ್ಟು ದೊಡ್ಡದು. ತುಪ್ಪ ಸವರಿದ್ದಕ್ಕೆ ಹೇಗೋ ಜಾರಿ ಒಳಗೆ ಹೋಯ್ತು.

ಉಂಡ ಮಗೂನ ಎತ್ತಿ ಮುದ್ದಾಡದೆ ಇರೋಕಾಗುತ್ತಾ? ರಾಜ ಎತ್ಕೊಂಡ, ಮಂತ್ರಿಗೆ ಕೊಟ್ಟ. ಮಂತ್ರಿ ಸೇನಾಪತಿಗೆ ಕೊಟ್ಟ. ಸೇನಾಪತಿ ಪ್ರೀತಿ ಹೆಚ್ಚಾಗಿ ಪೇಟದ ಮೇಲೆ ಕೂರಿಸ್ಕೊಂಡ. ತೆನೆರಾಯ ಅಲ್ಲೇ ಕಕ್ಕಿದ.

ನಾಲ್ಕು ದಿನ ಬಿಟ್ಟು ಮತ್ತೆ ಮೂರು ಇಲಿ, ಮತ್ತೆ ಕೈಯಿಂದ ಕೈಗೆ ಸವಾರಿ. ಆಸ್ಥಾನದ ಜ್ಯೋತಿಷಿ ಆಗಷ್ಟೇ "ಈ ವಾರ ಬಹಳ ಶುಭ" ಅಂತಿದ್ದ. ತೆನೆರಾಯ ಪಂಚಾಂಗದ ಮೇಲೆ ಕಕ್ಕಿದ.

ಮತ್ತೆ ನಾಲ್ಕು ದಿನ, ಮತ್ತೆ ಮೂರು ಇಲಿ. ಈ ಸಲ ನೆರೆರಾಜ್ಯದ ರಾಯಭಾರಿ ಮಡಿಲಲ್ಲಿ. ಸಂಧಾನ ಅರ್ಧಕ್ಕೇ ನಿಂತುಹೋಯ್ತು.

ಮೂರು ಸಲಾನೂ ಬೂದಿ, ಬಿಸಿನೀರು ಹಿಡ್ಕೊಂಡು ಒರೆಸೋಕೆ ಬಂದೋಳು ಕೆಂಚಮ್ಮ. ಮೂರನೇ ಸಲ ಒರೆಸ್ತಾ ನೋಡ್ತಾಳೆ, ಮರಿ ದಾರದ ಹಾಗೆ ಆಗಿದೆ. ಮುಟ್ಟಿದ್ರೆ ತಣ್ಣಗೆ ಕೊರೀತಿದೆ. ಬಗ್ಗಿ ಮೆಲ್ಲಗೆ ಕೇಳಿದ್ಲು, "ಏನಪ್ಪಾ ನಿನ್ನ ತೊಂದ್ರೆ?"

ಹಾವು ಮಾತಾಡುತ್ತಾ ಅಂತ ನೀವು ಕೇಳ್ಬಹುದು. ವಿಚಾರಿಸಿದ್ರೆ ಮಾತಾಡುತ್ತೆ. ಅಲ್ಲೀವರೆಗೆ ಯಾರೂ ವಿಚಾರಿಸಿರಲಿಲ್ಲ, ಅಷ್ಟೆ.

"ಅವ್ವಾ, ಚಳಿ" ಅಂದ ತೆನೆರಾಯ. "ಮೈ ಬೆಚ್ಚಗಿದ್ರೇನೇ ನನಗೆ ತಿಂದಿದ್ದು ಅರಗೋದು. ಇವರು ಕಲ್ಲು ನೆಲದ ಮೇಲೆ ಬಿಡ್ತಾರೆ. ನನ್ನ ಮೈಯಷ್ಟೇ ದಪ್ಪ ಇರೋದು ಒಂದು ಕೊಟ್ರೆ ಸಾಕು, ಮೂರು ತುರುಕ್ತಾರೆ. ನುಂಗಿದ ಮೇಲೆ ಎರಡು ದಿನ ನನ್ನ ಮುಟ್ಟಬಾರದು, ಊರೆಲ್ಲ ಎತ್ಕೊಂಡು ಕುಣಿಸ್ತಾರೆ. ಹೀಗೇ ಆದ್ರೆ ನಾನು ಉಳಿಯಲ್ಲ."

"ಮತ್ತೆ ಬೇಡ ಅನ್ನೋಕೇನಾಗಿತ್ತು?"

"ಬಾಯಿ ತುಂಬ ಇಲಿ ಇತ್ತು."

ಕೆಂಚಮ್ಮ ಸೆರಗು ಸಿಕ್ಕಿಸ್ಕೊಂಡು ಸೀದಾ ರಾಜನ ಮುಂದೆ ನಿಂತ್ಲು. "ಮರೀನ ನನ್ನ ಕೈಗೆ ಕೊಡಿ ಬುದ್ಧೀ. ಒಲೆ ಮಗ್ಗುಲಲ್ಲಿಟ್ಟು ವಾಸಿ ಮಾಡ್ತೀನಿ."

ಹೊನ್ನಪ್ಪಯ್ಯ ನಕ್ಕ. "ನೋಡ್ರಪ್ಪಾ, ಸೌದೆ ಹಾಕೋಳು ವೈದ್ಯಕ್ಕೆ ನಿಂತ್ಲು! ಅಲ್ಲಮ್ಮಾ, ವಾಸಿ ಆಗ್ಲಿಲ್ಲ ಅಂದ್ರೆ?"

"ಒಲೆ ಆರಿಸಿ, ಈ ರಾಜ್ಯ ಬಿಟ್ಟು ಹೊರಟುಹೋಗ್ತೀನಿ."

ರಾಜ ಒಪ್ಪಿದ.

ಬಚ್ಚಲುಮನೆ ಒಳಗೆ ಒಲೆ ಪಕ್ಕದ ಮೂಲೆ ಶಾಖಕ್ಕೆ ಬೆಚ್ಚಗಿತ್ತು. ಅಲ್ಲಿ ಒಂದು ಹಳೇ ಮಡಕೆ ಬೋರಲು ಹಾಕಿ, ಅಂಚಲ್ಲಿ ಸಣ್ಣ ಬಾಯಿ ಒಡೆದು, ಒಳಗೆ ತೆನೆರಾಯನ್ನ ಬಿಟ್ಲು. ಶಾಖ ಜಾಸ್ತಿ ಆದ್ರೆ ಈಚೆ ಸರ್ಕೊಳ್ಳಲಿ ಅಂತ ಜಾಗ ಬಿಟ್ಲು. ಹತ್ತು ದಿನ ಬರೀ ನೀರು. ರಾಜ ದಿನಾ ಬಂದು ಬಾಗಿಲಲ್ಲಿ ಇಣುಕೋನು.

"ಒಂದೇ ಒಂದು ಸಲ ಎತ್ಕೊಳ್ಲಾ ಕೆಂಚಮ್ಮಾ?"

"ಬೇಡಿ ಬುದ್ಧೀ."

"ಬೆರಳಲ್ಲಿ ಮುಟ್ಲಾ?"

"ಬೇಡಿ ಬುದ್ಧೀ."

"ದೂರದಿಂದ ಕೂಗ್ಲಾ?"

"ದೂರದ ಕೂಗು ಅದಕ್ಕೆ ಕೇಳಿಸಲ್ಲ ಬುದ್ಧೀ. ಕೂಗ್ಕೊಳ್ಳಿ."

ಹನ್ನೊಂದನೇ ದಿನ ಕೆಂಚಮ್ಮ ಒಂದು ಸಣ್ಣ ಇಲಿಮರಿ ಕೊಟ್ಲು, ಇನ್ನೂ ಕಣ್ಣೇ ಬಿಟ್ಟಿರದ್ದು. ತೆನೆರಾಯ ನುಂಗಿ ಮಡಕೆ ಒಳಗೆ ಸುರುಳಿ ಸುತ್ಕೊಂಡ. ಒಂದು ದಿನ ಕಳೀತು. ಕಕ್ಕಲಿಲ್ಲ. ಎರಡನೇ ದಿನಾನೂ ಕಳೀತು. ಕಕ್ಕಲಿಲ್ಲ.

ಈ ಸುದ್ದಿ ಕೇಳಿ ಹೊನ್ನಪ್ಪಯ್ಯನಿಗೆ ಅನ್ನ ಇಳೀಲಿಲ್ಲ. ಒಂದೇ ಸಲ ಬಡಿಸಿದ್ದಕ್ಕೆ ಒಂದು ಜೀವ ಚೇತರಿಸ್ಕೊಂಡ್ರೆ, ಮೂರು ಸಲ ಬಡಿಸೋ ಅಧಿಕಾರಿ ಯಾಕೆ ಬೇಕು? ಮೂರನೇ ದಿನ ಬೆಳಿಗ್ಗೆ ಕೆಂಚಮ್ಮ ಸೌದೆ ತರೋಕೆ ಹೋದಾಗ ಒಳಗೆ ನುಗ್ಗಿದ. ಮಡಕೆ ಎತ್ತಿದ. ಮೂರು ದಪ್ಪ ಇಲಿ ತುರುಕಿದ. ಸಾಲದು ಅಂತ ಕೈಯಲ್ಲಿ ಹಿಡಿದು ಉಯ್ಯಾಲೆ ತೂಗಿದ.

ಕೆಂಚಮ್ಮ ವಾಪಸ್ ಬಂದಾಗ ಬಾಗಿಲಲ್ಲಿ ರಾಜ ನಿಂತಿದ್ದ, ಪಕ್ಕದಲ್ಲಿ ಹೊನ್ನಪ್ಪಯ್ಯ. ನೆಲದ ಮೇಲೆ ಮೂರು ಇಲಿ ಬಿದ್ದಿದ್ವು. ತೆನೆರಾಯನಿಗೆ ಮಾತಾಡೋಕೂ ತ್ರಾಣ ಇರಲಿಲ್ಲ.

"ನೋಡಿದ್ರಾ ಪ್ರಭು, ಇವಳ ವೈದ್ಯ!" ಅಂದ ಹೊನ್ನಪ್ಪಯ್ಯ.

ಕೆಂಚಮ್ಮ ಬಗ್ಗಿ ನೋಡಿದ್ಲು. ಇಲಿಗಳು ಮಿರಿಮಿರಿ ಮಿಂಚ್ತಿದ್ವು. ಮೂಸಿದ್ಲು. ಘಮಘಮ ತುಪ್ಪ. ಯಾರ ಕೆಲಸ ಅಂತ ಗೊತ್ತಾಯ್ತು, ಆದ್ರೆ ಹೇಳಿದ್ರೆ ನಂಬೋರ್ಯಾರು? ಸೌದೆಯೋಳ ಮಾತು ಮೇಲೋ, ಅಧಿಕಾರಿ ಮಾತು ಮೇಲೋ?

"ಹೊರಡ್ತೀನಿ ಬುದ್ಧೀ" ಅಂದ್ಲು. "ಹೋಗೋ ಮುಂಚೆ ಒಂದು ಆಸೆ. ಹೊನ್ನಪ್ಪಯ್ಯನೋರು ಇಷ್ಟು ವರ್ಷ ಊರಿಗೆಲ್ಲ ಬಡಿಸಿದ್ರು, ಅವರಿಗೆ ಬಡಿಸಿದೋರು ಒಬ್ರೂ ಇಲ್ಲ. ಇವತ್ತು ನಾನು ಬಡಿಸ್ತೀನಿ. ತೆನೆರಾಯನಿಗೆ ಮಾಡಿದ ಉಪಚಾರ ಅವರಿಗೂ ಆಗ್ಲಿ."

ಹೊನ್ನಪ್ಪಯ್ಯ ಉಬ್ಬಿಹೋದ. "ಪಾಪ, ಹೆಂಗಸಿಗೆ ಗುಣ ಇದೆ ಪ್ರಭು" ಅಂದ.

ಎಲೆ ಹಾಕಿದ್ರು. ಮೊದಲನೇದು ಹಸಿವಿಗೆ, ಹನ್ನೆರಡು ಹೋಳಿಗೆ. ಹೊನ್ನಪ್ಪಯ್ಯ ಚಪ್ಪರಿಸ್ಕೊಂಡು ತಿಂದ. ಎರಡನೇದು ಪ್ರೀತಿಗೆ, ಇನ್ನು ಹನ್ನೆರಡು. ಪಂಚೆ ಸಡಿಲ ಮಾಡ್ಕೊಂಡು ತಿಂದ. ಮೂರನೇ ಸಲ ಕೆಂಚಮ್ಮ ಬಂದಾಗ ಎಲೆ ಮೇಲೆ ಎರಡೂ ಕೈ ಅಡ್ಡ ಹಿಡಿದ.

"ಸಾಕು ಕೆಂಚಮ್ಮಾ."

"ನಾಚ್ಕೋಬೇಡಿ ಸ್ವಾಮಿ. ಅರಮನೆ ಮರ್ಯಾದೆ!" ಅಂತ ಕೈ ಮೇಲೇ ಹನ್ನೆರಡು ಹಾಕಿ ತುಪ್ಪ ಸುರಿದ್ಲು. ಇಡೀ ಆಸ್ಥಾನ ನೋಡ್ತಿತ್ತು. ತಿಂದ.

"ಈಗ ಮುದ್ದಾಡೋದು" ಅಂದ್ಲು ಕೆಂಚಮ್ಮ.

ಮಂತ್ರಿ ಹೊನ್ನಪ್ಪಯ್ಯನ್ನ ಎತ್ತಿ ಸೇನಾಪತಿಗೆ ಕೊಟ್ಟ. ಪೇಟದ ಸಿಟ್ಟು ಇನ್ನೂ ಇಳಿದಿರದ ಸೇನಾಪತಿ ಎರಡು ಸಲ ಕುಲುಕಿ ಜ್ಯೋತಿಷಿಗೆ ಕೊಟ್ಟ. ಜ್ಯೋತಿಷಿ ಪಲ್ಲಕ್ಕೀಲಿ ಮಲಗಿಸಿದ. ಬೋವಿಗಳು ಅರಮನೆ ಅಂಗಳ ಒಂದು ಸುತ್ತು ಓಡಿದ್ರು, ಎರಡು ಸುತ್ತು ಓಡಿದ್ರು. ಮೂರನೇ ಸುತ್ತಿಗೆ ಪಲ್ಲಕ್ಕಿ ಒಳಗಿಂದ ಆರ್ತನಾದ ಕೇಳಿಸ್ತು.

"ಇಳಿಸ್ರೋ ನನ್ನಪ್ಪಂದಿರಾ! ಗಂಟಲ ತನಕ ತುಂಬಿ ಹಿಂಗೆ ತೂಗಿದ್ರೆ ಯಾರ ಹೊಟ್ಟೇಲಿ ನಿಲ್ಲುತ್ರೋ! ಬೆಳಿಗ್ಗೆ ಆ ಹಾವಿಗೆ ಮೂರು ಇಲಿ ತುರುಕಿದ್ದಕ್ಕೇ ನಿಲ್ಲಲಿಲ್ಲ, ತುಪ್ಪ ಸವರಿದ್ರೂ!"

ಬೋವಿಗಳು ನಿಂತುಬಿಟ್ರು. ಹೊನ್ನಪ್ಪಯ್ಯ ಪರದೆ ಸರಿಸಿ ತಲೆ ಹೊರಗೆ ಹಾಕಿದ. ಎದುರಿಗೆ ರಾಜ ಇದ್ದ. ಹೊನ್ನಪ್ಪಯ್ಯ ರಾಜನ ಕಾಲಿನ ಜರತಾರಿ ಚಡಾವಿನ ಮೇಲೆ ಮೂವತ್ತಾರು ಹೋಳಿಗೆ ಕಕ್ಕಿದ.

ರಾಜ ಚಡಾವು ಕಳಚಿ ಪಕ್ಕಕ್ಕಿಟ್ಟ. "ತುಪ್ಪಾನಾ?" ಅಂದ.

ಆಮೇಲೆ ಬರಿಗಾಲಲ್ಲಿ ಬಚ್ಚಲುಮನೆಗೆ ನಡೆದ. ಮಡಕೆ ಮುಂದೆ ಕುಕ್ಕರುಗಾಲಲ್ಲಿ ಕೂತು, ಮುಟ್ಟದೆ, ಕೇಳಿದ. "ಏನಪ್ಪಾ ಮಗನೇ ನಿನ್ನ ತೊಂದ್ರೆ?"

ಒಳಗಿಂದ ಸಣ್ಣ ದನಿ ಬಂತು. "ಈಗ ಏನೂ ಇಲ್ಲಪ್ಪಾ. ಅವ್ವನ್ನ ಮಾತ್ರ ಕಳಿಸ್ಬೇಡ."

ಕೆಂಚಮ್ಮ ಉಳಿದ್ಲು. ಮತ್ತೆ ಹತ್ತು ದಿನ ನೀರು, ಮತ್ತೆ ಸಣ್ಣ ಇಲಿಮರಿ. ತೆನೆರಾಯ ನಿಧಾನವಾಗಿ ಮೈ ಹಿಡಿದ, ಪೊರೆ ಬಿಟ್ಟ, ಮೂರು ಮೊಳ ಬೆಳೆದ. ಹೊನ್ನಪ್ಪಯ್ಯನ ಮಿಳ್ಳೆ ಕಿತ್ಕೊಂಡು ಅವನಿಗೆ ಬೇರೆ ಕೆಲಸ ಕೊಟ್ರು. ತೆನೆರಾಯ ಉಂಡ ಮೇಲೆ ಎರಡು ದಿನ ಬಚ್ಚಲುಮನೆ ಬಾಗಿಲು ಕಾಯೋದು, ಯಾರನ್ನೂ, ರಾಜನನ್ನೂ, ಒಳಗೆ ಬಿಡದೆ ಇರೋದು. ಕೆಂಚಮ್ಮ ಹೊನ್ನಪ್ಪಯ್ಯನಿಗೆ ಗಂಜಿ ಕೊಡ್ತಿದ್ಲು. ಒಂದೇ ಲೋಟ. ಇನ್ನೊಂದು ಬೇಕಾ ಅಂತ ಕೇಳಿ, ಉತ್ತರ ಬರೋವರೆಗೂ ಕಾಯ್ತಿದ್ಲು. ಅರಮನೆ ಪಂಕ್ತೀಲೂ ಅವತ್ತಿಂದ ಅದೇ ಪದ್ಧತಿ ಆಯ್ತು.

ನೀತಿ ಏನಪ್ಪಾ ಅಂದ್ರೆ, ಹೊಟ್ಟೆ ಯಾರದ್ದೋ ಅವರನ್ನೇ ಕೇಳ್ಬೇಕು. ಅಳತೆ ಇಲ್ಲದ ಪ್ರೀತಿ ಗಂಟಲಿಗೆ ಸಿಕ್ಕಿಹಾಕ್ಕೊಳ್ಳುತ್ತೆ. ತಪ್ಪನ್ನ ಎಷ್ಟು ತುಪ್ಪ ಸವರಿ ನುಂಗಿದ್ರೂ ಅದು ಆಚೆ ಬಂದೇ ಬರುತ್ತೆ.

ಸರಿ, ಏಳಿ ಮಕ್ಕಳೇ. ಈ ಕಥೆ ಈಗಷ್ಟೇ ನುಂಗಿದೀರಿ. ಎರಡು ದಿನ ಹೊಟ್ಟೇಲಿ ಅಲ್ಲಾಡಿಸದೆ ಇಟ್ಕೊಳ್ಳಿ.