ಗಣಿಯ ಸೈರನ್ ಮತ್ತು ತಿಪ್ಪಮ್ಮನ ಹುಂಜ

ತಾಮ್ರದ ಗಣಿ ಮುಚ್ಚಿದ ಮೇಲೂ ಅದರ ಗೋಪುರದ ಮೇಲಿನ ಸೈರನ್ ಅಲ್ಲೇ ಉಳಿಯಿತು. ಒಂದು ಕಾಲದಲ್ಲಿ ಅದು ಕೂಗಿದರೆ ಊರಿಗೆ ಊರೇ ಎದ್ದು ಪಾಳಿಗೆ ಹೊರಡುತ್ತಿತ್ತು. ಈಗ ಊರನ್ನು ಎಬ್ಬಿಸುವುದು ತಿಪ್ಪಮ್ಮನ ಹುಂಜ. ಅದು ಕೂಗಿದಾಗಲೆಲ್ಲ ಸೈರನ್ನಿನ ಹೊಟ್ಟೆ ಉರಿಯುತ್ತಿತ್ತು.

ಹೀಗಿರಲು ಗಣಿಯನ್ನು ವಸ್ತುಸಂಗ್ರಹಾಲಯ ಮಾಡಿದರು. ಉದ್ಘಾಟನೆಯ ದಿನ ಹಳೆಯ ಸೈರನ್ನನ್ನು ಒಮ್ಮೆ ಕೂಗಿಸುವುದೆಂದು ನಿಶ್ಚಯವಾಯಿತು.

"ಇವತ್ತು ನಿನ್ನ ಸೊಕ್ಕು ಇಳಿಯುತ್ತದೆ. ಊರು ಯಾರ ದನಿಗೆ ಓಡಿ ಬರುತ್ತದೆ, ನೋಡು" ಎಂದಿತು ಸೈರನ್.

"ಚಿಕ್ಕದಾಗಿ ಕೂಗಣ್ಣ, ಪಾಳಿಗೆ ಕರೆಯುತ್ತಿದ್ದ ಹಾಗೆ. ನಿನ್ನ ಉದ್ದನೆಯ ಕೂಗು ಈ ಊರಿಗೆ ಬೇಡ" ಎಂದಿತು ಹುಂಜ.

"ನಿನಗೆ ಹೊಟ್ಟೆಕಿಚ್ಚು!"

ಗುಂಡಿ ಒತ್ತಿದರು. ಸೈರನ್ ಇದ್ದಬದ್ದ ಉಸಿರನ್ನೆಲ್ಲ ಸೇರಿಸಿ ಕೂಗಿತು. ಗುಂಡಿಯಿಂದ ಕೈ ತೆಗೆದರೂ ನಿಲ್ಲಲಿಲ್ಲ. ಕೇರಿ ಕೇರಿಯಿಂದ ಹೆಂಗಸರು ಓಡಿ ಬಂದರು. ಸೈರನ್ ಹಿಗ್ಗಿ ಇನ್ನೂ ಜೋರಾಗಿ ಕೂಗಿತು. ಎಲ್ಲರಿಗಿಂತ ಮುಂದೆ ಬರಿಗಾಲಲ್ಲಿ ಬಂದ ತಿಪ್ಪಮ್ಮ, ಗಣಿಯ ಬಾಯಿಗೆ ಹಾಕಿದ್ದ ಕಂಬಿ ಹಿಡಿದು ಕುಸಿದಳು.

"ಒಳಗೆ ಯಾರು ಸಿಕ್ಕಿಕೊಂಡರು? ಹೆಸರು ಹೇಳಿರಪ್ಪಾ!" ಎಂದು ಚೀರಿದಳು.

ಸೈರನ್ ಥಟ್ಟನೆ ನಿಂತಿತು. ಗಣಿಯೊಳಗೆ ಮಣ್ಣು ಕುಸಿದಾಗ ಮಾತ್ರ ತಾನು ಹೀಗೆ ಉದ್ದಕ್ಕೆ ಕೂಗುತ್ತಿದ್ದುದು ಅದಕ್ಕೆ ನೆನಪಾಯಿತು. ಅಂಥದೇ ಒಂದು ಕೂಗಿನ ದಿನ ತಿಪ್ಪಮ್ಮನ ಗಂಡ ಮೇಲೆ ಬಂದಿರಲಿಲ್ಲ.

'ಏನೂ ಆಗಿಲ್ಲ ತಾಯಿ, ಮನೆಗೆ ಹೋಗು' ಎಂದು ಹೇಳಬೇಕೆನಿಸಿತು. ಆದರೆ ಮನುಷ್ಯರಿಗೆ ಕೇಳಿಸುವಂತೆ ಅದಕ್ಕೆ ಬರುತ್ತಿದ್ದುದು ಕೂಗುವುದೊಂದೇ.