ನಾಳೆಯ ದರ

ಊರಿನವರ ಕೊಳೆಬಟ್ಟೆ ಹೊತ್ತು ಬೆನ್ನು ಸವೆಸಿದ ಕತ್ತೆಯೊಂದು ಕಡೆಗೆ ಎರಡು ವಾಷಿಂಗ್ ಮೆಷಿನ್ ಇಟ್ಟು ತಾನೇ ಅಂಗಡಿ ತೆರೆಯಿತು. "ನಿಮ್ಮ ಬಟ್ಟೆ ನೀವೇ ತನ್ನಿ, ನೀವೇ ಒಗೆದುಕೊಳ್ಳಿ. ಬುಟ್ಟಿಗೆ ನಲವತ್ತು ರೂಪಾಯಿ" ಎಂದು ಬಾಗಿಲಲ್ಲಿ ಹಲಗೆ ತೂಗುಹಾಕಿತು. ವ್ಯಾಪಾರ ಕುದುರುವಷ್ಟರಲ್ಲಿ ಎದುರುಗಡೆ ನರಿ ಅಂಥದೇ ಅಂಗಡಿ ತೆರೆದು ಮೂವತ್ತೈದು ಎಂದು ಬರೆಯಿತು.

ಕತ್ತೆ ಲೆಕ್ಕ ಹಾಕಿತು. ದರ ಇಳಿಸಿದರೆ ಕರೆಂಟು ಬಿಲ್ಲಿಗೂ ಸಾಲದು, ಇಳಿಸದಿದ್ದರೆ ಗಿರಾಕಿ ಉಳಿಯುವುದಿಲ್ಲ. ಯೋಚಿಸಿ ಯೋಚಿಸಿ, ಹಲಗೆಯ ಕೆಳಗೆ "ನಾಳೆಯಿಂದ ಮೂವತ್ತು" ಎಂದು ಸೇರಿಸಿತು. ಇವತ್ತು ನಷ್ಟವಿಲ್ಲ, ನಾಳೆಗೆ ಗಿರಾಕಿ ಖಾತ್ರಿ ಎಂದುಕೊಂಡಿತು.

ಬುಟ್ಟಿ ಹೊತ್ತು ಬಂದವರು ಹಲಗೆ ಓದಿ ಹಿಂದಿರುಗಿದರು. ಮರುದಿನ ದರ ಇಳಿಸಲು ಕತ್ತೆಗೆ ಧೈರ್ಯ ಬರಲಿಲ್ಲ, ಆ ಸಾಲು ಅಳಿಸಲೂ ಭಯ. ಹಾಗೇ ಬಿಟ್ಟಿತು. ನಾಲ್ಕನೆಯ ದಿನ ಮೂವತ್ತನ್ನು ಒರೆಸಿ ಇಪ್ಪತ್ತೈದು ಮಾಡಿತು. "ನಾಳೆಯಿಂದ" ಎಂಬುದನ್ನು ಮಾತ್ರ ಮುಟ್ಟಲಿಲ್ಲ.

ದಿನಾ ಹಾಗೆ ಬಂದು ಹೋಗುತ್ತಿದ್ದ ಮುದಿ ಆಡು ಅವತ್ತೂ ಬಂದು, ಓದಿ, ಇಳಿಸಿದ ಬುಟ್ಟಿಯನ್ನು ಮತ್ತೆ ಎತ್ತಿಕೊಂಡಿತು.

"ಯಾಕಜ್ಜಿ, ದಿನಾ ಬಂದು ಹಾಗೇ ಹೋಗುತ್ತೀರಿ?" ಎಂದು ಕತ್ತೆ ಅಂಗಲಾಚಿತು.

"ನಮ್ಮ ಮನೆ ಬಾಗಿಲ ಮೇಲೂ 'ನಾಳೆ ಬಾ' ಎಂದು ಬರೆದಿದ್ದೇವೆ, ಮಗಾ. ದೆವ್ವ ದಿನಾ ಬಂದು ಓದಿಕೊಂಡು ಹೋಗುತ್ತದೆ."

"ಆದರೂ ಅದು ಮರುದಿನ ಬರುತ್ತದಲ್ಲ?"

"ಬರದೆ ಏನು ಮಾಡೀತು? ಊರಿನ ಬಾಗಿಲಲ್ಲೆಲ್ಲ ಅದನ್ನೇ ಬರೆದಿದೆ. ನನಗೆ ಎದುರಿಗೇ ಬೇರೆ ಬಾಗಿಲಿದೆ" ಎಂದು ಆಡು ರಸ್ತೆ ದಾಟಿತು.